ವಿಮಾನ ಮಾದರಿಗಳ ಬಣ್ಣ ಮತ್ತು ಮೆರುಗು

ನಿಜವಾದ ವಿಮಾನದ ಅಳತೆಗಳನ್ನು ಒಂದೇ ಅನುಪಾತದಲ್ಲಿ ಕಿರಿದುಗೊಳಿಸಿ ಮಾಡಿದ ಪ್ರತಿಕೃತಿಯೇ ವಿಮಾನ ಮಾದರಿ. ಅಂಥ ಮಾದರಿಯ ಮೈಯನ್ನು ಸಿದ್ಧಗೊಳಿಸಿ, ಬಣ್ಣ ಹಾಕಿ, ಗುರುತುಗಳನ್ನು ಅಂಟಿಸಿ, ಬಳಕೆಯ ಕುರುಹುಗಳನ್ನು ಮೂಡಿಸಿ, ಕೊನೆಗೆ ರಕ್ಷಣೆಯ ಲೇಪ ಕೊಡುವವರೆಗಿನ ಕೆಲಸಗಳೆಲ್ಲ ಬಣ್ಣ ಮತ್ತು ಮೆರುಗಿನ ಹಂತಕ್ಕೆ ಸೇರುತ್ತವೆ. ಮಾದರಿ ಮೂಲ ವಿಮಾನಕ್ಕೆ ಎಷ್ಟು ನಿಷ್ಠವಾಗಿದೆ ಎಂಬುದನ್ನು ನೋಡುಗರು ಮೊದಲು ಅಳೆಯುವುದು ಇಲ್ಲಿಯೇ. ಚೆನ್ನಾಗಿ ಬಣ್ಣ ಹಾಕಿದ ಮಾದರಿಯೆಂದರೆ ಯಾವುದೋ ಒಂದು ಗೊತ್ತಾದ ವಿಮಾನ ಗೊತ್ತಾದ ವರ್ಷದಲ್ಲಿ ಹೇಗಿತ್ತು ಎಂಬುದರ ದಾಖಲೆ.

ಕನ್ನಡ ನಾಡಿನಲ್ಲಿ ಈ ಕಲೆಗೆ ಎರಡು ಕಡೆಯಿಂದ ನೆಲೆಯಿದೆ. 1940ರಿಂದ ಬೆಂಗಳೂರಿನಲ್ಲಿ ವಿಮಾನ ತಯಾರಿಕೆ ನಡೆಯುತ್ತಿದೆ. ಬಣ್ಣದ ಗೊಂಬೆ ಮಾಡುವ ಕಸುಬು ಗೋಕಾಕ, ಕಿನ್ನಾಳಗಳಲ್ಲಿ ಅದಕ್ಕಿಂತ ಬಹಳ ಹಿಂದಿನಿಂದ ಇದೆ. ಬೆಳಗಾವಿ ಜಿಲ್ಲೆಯ ಹಿಡಕಲ್ ಸುತ್ತಿನಲ್ಲಿ, ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಘಟಪ್ರಭಾ ಕಣಿವೆಯಲ್ಲಿ, ಈ ಎರಡೂ ಕಸುಬುಗಳು ಅಕ್ಕಪಕ್ಕದಲ್ಲಿ ಸಿಗುತ್ತವೆ.

ಹಿಡಕಲ್ ಸುತ್ತಿನ ಎರಡು ಪರಂಪರೆಗಳು

ಗೋಕಾಕದ ಗೊಂಬೆಗಳ ಹೆಸರು ಬ್ರಿಟಿಷರ ಕಾಲದ ಗ್ಯಾಸೆಟಿಯರುಗಳಲ್ಲೇ ದಾಖಲಾಗಿದೆ. ಹಗುರವಾದ ಕಟ್ಟಿಗೆಯಿಂದಲೂ ಊರಿನ ಆಸುಪಾಸಿನಲ್ಲಿ ಸಿಗುವ ಒಂದು ಬಗೆಯ ಮಣ್ಣಿನಿಂದಲೂ ಮನುಷ್ಯರ, ದೇವರ, ಪ್ರಾಣಿಗಳ, ಹಣ್ಣುಗಳ ಪ್ರತಿರೂಪಗಳನ್ನು ಇಲ್ಲಿ ಮಾಡುತ್ತಾರೆ. ಗೋಕಾಕದ ಹಣ್ಣು ಮಾದರಿ ಮಾಡುವವರ ದೃಷ್ಟಿಯಿಂದ ವಿಶೇಷವಾದದ್ದು. ಮಾವು, ಬಾಳೆ, ಸೀತಾಫಲಗಳ ಆಕಾರವನ್ನು ಕೆತ್ತಿದರಷ್ಟೇ ಸಾಲದು. ಹಸಿರು ಹಳದಿಗೆ ತಿರುಗುವ ಜಾಗ, ತೊಟ್ಟಿನ ಸುತ್ತಲಿನ ಕಪ್ಪು, ಸಿಪ್ಪೆಯ ಮೇಲಿನ ಚುಕ್ಕೆ ಇವೆಲ್ಲ ಬಣ್ಣದಲ್ಲೇ ಮೂಡಬೇಕು. ಒಂದು ಬಣ್ಣ ಇನ್ನೊಂದರೊಳಗೆ ಗಡಿ ಕಾಣದಂತೆ ಕರಗುವ ಈ ಕೆಲಸವನ್ನೇ ವಿಮಾನ ಮಾದರಿಕಾರರು ರೆಕ್ಕೆಯ ಮೇಲೆ ಬಣ್ಣ ಚಿಮ್ಮಿಸುವ ಏರ್‌ಬ್ರಶ್‌ನಿಂದ ಮಾಡುತ್ತಾರೆ.

ಈ ಸುತ್ತಿನ ಹೊರಗೆ, ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ನಡೆಸಿಕೊಂಡು ಬಂದ ಕ್ರಮ ಇನ್ನೂ ಸ್ಪಷ್ಟ. ಹಗುರ ಮರದಲ್ಲಿ ಕಡೆದ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಮರದ ಹೊಟ್ಟನ್ನೂ ಸೆಣಬಿನ ಪುಡಿಯನ್ನೂ ಅದೇ ಅಂಟಿನಲ್ಲಿ ಕಲಸಿ ಸಂದುಗಳನ್ನು ಮುಚ್ಚುತ್ತಾರೆ. ಅದರ ಮೇಲೆ ಬಟ್ಟೆಯ ತುಣುಕು, ಕಲ್ಲಿನ ಪುಡಿಯ ಲೇಪ, ಬಿಳಿಯ ನೆಲೆ, ಆಮೇಲೆ ಬಣ್ಣ. ಅಂಟು, ಪುಟ್ಟಿ, ಪ್ರೈಮರ್, ಬಣ್ಣ, ವಾರ್ನಿಷ್ ಎಂದು ಇಂದಿನ ಮಾದರಿಕಾರರು ಪಾಲಿಸುವ ಅನುಕ್ರಮವೂ ಇದೇ. ಸಾಮಗ್ರಿ ಬದಲಾಗಿದೆ, ತರ್ಕ ಬದಲಾಗಿಲ್ಲ.

ಎರಡನೆಯದು ವಿಮಾನದ್ದೇ ಪರಂಪರೆ. ಹಿಡಕಲ್ ಜಲಾಶಯಕ್ಕೆ ದೂರವಲ್ಲದ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಈಕ್ವಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದೆ. ವಿಮಾನಗಳ ಬಿಡಿಭಾಗಗಳನ್ನು ಇಲ್ಲಿ ಕಡೆಯುತ್ತಾರೆ, ಫೋರ್ಜಿಂಗ್ ಮಾಡುತ್ತಾರೆ. ಮೆಗೆಲನ್ ಏರೋಸ್ಪೇಸ್ ಜೊತೆಗೂಡಿ ಕಟ್ಟಿದ ಏರೋಸ್ಪೇಸ್ ಪ್ರೊಸೆಸಿಂಗ್ ಇಂಡಿಯಾ ಎಂಬ ಘಟಕದಲ್ಲಿ ಆ ಭಾಗಗಳಿಗೆ ಮೇಲ್ಮೈ ಸಂಸ್ಕರಣೆ ನಡೆಯುತ್ತದೆ. ನಿಜವಾದ ವಿಮಾನದ ಅಲ್ಯೂಮಿನಿಯಂ ಭಾಗವನ್ನು ಮೊದಲು ಜಿಡ್ಡು ಹೋಗುವಂತೆ ತೊಳೆಯುತ್ತಾರೆ. ಆನೋಡೈಸಿಂಗ್‌ನಿಂದ ಅದರ ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುತ್ತಾರೆ. ಆಮೇಲೆ ತುಕ್ಕು ತಡೆಯುವ ಪ್ರೈಮರ್, ಕೊನೆಗೆ ಮೇಲ್ಬಣ್ಣ. ತೊಳೆಯದ ಲೋಹದ ಮೇಲೆ ಬಣ್ಣ ನಿಲ್ಲುವುದಿಲ್ಲ ಎಂಬ ಕಾರ್ಖಾನೆಯ ಪಾಠ ಮೇಜಿನ ಮೇಲಿನ ಪ್ಲಾಸ್ಟಿಕ್ ಮಾದರಿಗೂ ಅಕ್ಷರಶಃ ಅನ್ವಯಿಸುತ್ತದೆ.

ಬೆಳಗಾವಿ ಸಮೀಪದ ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆಯಿದೆ. ಹೀಗಾಗಿ ವಾಯುಪಡೆಯ ಬದುಕು ಈ ಜಿಲ್ಲೆಯ ಜನರಿಗೆ ಅಪರಿಚಿತವಲ್ಲ.

ಚರಿತ್ರೆ

ವಿಮಾನ ಮಾದರಿಗಳು ಮೊದಲಿಗೆ ಮರದವು. ಬ್ರಿಟನ್ನಿನಲ್ಲಿ 1930ರ ದಶಕದಲ್ಲಿ ಬಂದ ಸ್ಕೈಬರ್ಡ್ಸ್ ಮರದ ಕಿಟ್‌ಗಳು 1:72 ಪ್ರಮಾಣವನ್ನು ಜನಪ್ರಿಯಗೊಳಿಸಿದವು. ಆರು ಅಡಿ ಎತ್ತರದ ಮನುಷ್ಯ ಈ ಪ್ರಮಾಣದಲ್ಲಿ ಸರಿಯಾಗಿ ಒಂದು ಅಂಗುಲವಾಗುತ್ತಾನೆ. 1936ರಲ್ಲಿ ಫ್ರಾಗ್ ಸಂಸ್ಥೆಯ ಪೆಂಗ್ವಿನ್ ಸರಣಿಯಿಂದ ಪ್ಲಾಸ್ಟಿಕ್ ಕಿಟ್ ಬಂತು. ಎರಡನೆಯ ಮಹಾಯುದ್ಧದಲ್ಲಿ ಶತ್ರು ಯಾರು ಮಿತ್ರ ಯಾರು ಎಂದು ಆಕಾರದಿಂದಲೇ ಗುರುತಿಸಲು ಸೈನಿಕರಿಗೆ ಕಲಿಸಬೇಕಾಯಿತು. ಅದಕ್ಕಾಗಿ ಅಮೆರಿಕದ ಶಾಲೆಗಳ ಮಕ್ಕಳು ಲಕ್ಷಗಟ್ಟಲೆ ಮರದ ಮಾದರಿಗಳನ್ನು ಮಾಡಿದರು. ಅವುಗಳಿಗೆ ಬರೀ ಕಪ್ಪು ಬಣ್ಣ ಬಳಿಯುತ್ತಿದ್ದರು, ಏಕೆಂದರೆ ಆಕಾಶದ ಬೆಳಕಿಗೆ ಎದುರಾಗಿ ಹಾರುವ ವಿಮಾನ ಕಾಣುವುದು ನೆರಳಿನ ಹಾಗೆಯೇ. ಮಾದರಿಯ ಉದ್ದೇಶವೇ ಅದರ ಬಣ್ಣವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ.

1950ರ ದಶಕದಲ್ಲಿ ಏರ್‌ಫಿಕ್ಸ್ ತನ್ನ ಮೊದಲ ವಿಮಾನ ಕಿಟ್ ಆಗಿ ಸ್ಪಿಟ್‌ಫೈರನ್ನು ಹೊರತಂದಿತು. 1960ರ ದಶಕದಲ್ಲಿ ಜಪಾನಿನ ತಮಿಯಾ, ಹಸೆಗಾವಾ ಸಂಸ್ಥೆಗಳು ಸೇರಿಕೊಂಡವು. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅಗ್ಗವಾದಂತೆ ಮಾದರಿ ಜೋಡಿಸುವುದು ಮನೆಮನೆಯ ಹವ್ಯಾಸವಾಯಿತು. 1963ರಲ್ಲಿ ಬ್ರಿಟನ್ನಿನಲ್ಲಿ ಪ್ಲಾಸ್ಟಿಕ್ ಮಾದರಿಕಾರರ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಸ್ಪರ್ಧೆಗಳು, ತೀರ್ಪಿನ ಮಾನದಂಡಗಳು ಬಂದವು. ಬಣ್ಣಗಾರಿಕೆ ಒಂದು ಶಾಸ್ತ್ರವಾಗಿ ಬೆಳೆದದ್ದು ಆಮೇಲೆ. ಭಾರತದಲ್ಲಿ ಎನ್‌ಸಿಸಿ ವಾಯು ವಿಭಾಗ ಮಾದರಿ ತಯಾರಿಕೆಯನ್ನು ತರಬೇತಿಯ ಭಾಗವಾಗಿಸಿ ಅದನ್ನು ಕಾಲೇಜುಗಳಿಗೆ ತಲುಪಿಸಿತು.

ಪ್ರಮಾಣ ಮತ್ತು ಬಣ್ಣ

ಹೆಚ್ಚು ಬಳಕೆಯಲ್ಲಿರುವ ಪ್ರಮಾಣಗಳು 1:144, 1:72, 1:48 ಮತ್ತು 1:32. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ನಿರ್ಮಿಸಿದ ಮಾರುತ್ ಯುದ್ಧವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್. 1:72ರಲ್ಲಿ ಅದು ಸುಮಾರು 22 ಸೆಂಟಿಮೀಟರ್ ಉದ್ದ, 12.5 ಸೆಂಟಿಮೀಟರ್ ಹರವಿನ ಮಾದರಿಯಾಗುತ್ತದೆ. 13.2 ಮೀಟರ್ ಉದ್ದದ ತೇಜಸ್ ಯುದ್ಧವಿಮಾನ 1:48ರಲ್ಲಿ 27.5 ಸೆಂಟಿಮೀಟರ್.

ವಿಮಾನವನ್ನು ಕಿರಿದುಗೊಳಿಸಬಹುದು, ಬಣ್ಣದ ಪದರವನ್ನು ಕಿರಿದುಗೊಳಿಸಲಾಗದು. 1:72 ಮಾದರಿಯ ಮೇಲೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪದ ಬಣ್ಣ ಕುಳಿತರೆ ಅದು ನಿಜವಾದ ವಿಮಾನದ ಮೇಲೆ 7.2 ಮಿಲಿಮೀಟರ್ ದಪ್ಪ ಬಳಿದದ್ದಕ್ಕೆ ಸಮ. ತಗಡುಗಳ ಸಂದು, ರಿವೆಟ್‌ಗಳ ಸಾಲು ಎಲ್ಲ ಅದರಡಿ ಮುಚ್ಚಿಹೋಗುತ್ತವೆ. ಆದ್ದರಿಂದ ಒಂದು ದಪ್ಪ ಪದರಕ್ಕಿಂತ ಮೂರು ತೆಳು ಪದರಗಳು ಮೇಲು ಎಂಬುದು ಈ ಕೆಲಸದ ಮೊದಲ ನಿಯಮ.

ಬಣ್ಣದ ಛಾಯೆಗೂ ಪ್ರಮಾಣದ ಲೆಕ್ಕವಿದೆ. ಒಂದು ಅಡಿ ದೂರದಿಂದ ನೋಡುವ 1:72 ಮಾದರಿ ಎಪ್ಪತ್ತೆರಡು ಅಡಿ ದೂರದಿಂದ ನೋಡುವ ವಿಮಾನಕ್ಕೆ ಸಮ. ನಡುವಿನ ಗಾಳಿ, ಧೂಳು, ತೇವ ಬಣ್ಣವನ್ನು ತಿಳಿಯಾಗಿಸುತ್ತವೆ. ಹೀಗಾಗಿ ಕಾರ್ಖಾನೆಯ ಬಣ್ಣವನ್ನೇ ನೇರವಾಗಿ ಬಳಸಿದರೆ ಸಣ್ಣ ಮಾದರಿ ಗಾಢವಾಗಿ, ಭಾರವಾಗಿ ಕಾಣುತ್ತದೆ. ಅನುಭವಿಗಳು ಸ್ವಲ್ಪ ಬಿಳಿ ಅಥವಾ ತಿಳಿ ಬೂದು ಬೆರೆಸುತ್ತಾರೆ. ಮಾದರಿ ಸಣ್ಣದಾದಷ್ಟೂ ಬೆರಕೆ ಹೆಚ್ಚು. ಅಚ್ಚ ಕಪ್ಪು, ಅಚ್ಚ ಬಿಳಿಯನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಟೈರಿಗೆ ಗಾಢ ಬೂದು, ಬಿಳಿ ಮೈಗೆ ಕೊಂಚ ಬೂದು ಸೇರಿದ ಬಿಳಿ ಸಾಕು.

ಬಣ್ಣವನ್ನು ಹೆಸರಿನಿಂದ ಗುರುತಿಸುವುದು ಸಾಲದೆಂದು ದೇಶಗಳು ಸಂಖ್ಯಾಬದ್ಧ ಪಟ್ಟಿಗಳನ್ನು ಮಾಡಿಕೊಂಡಿವೆ. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 595, ಬ್ರಿಟನ್ನಿನ ಬಿಎಸ್ 381ಸಿ, ಜರ್ಮನಿಯ ಆರ್‌ಎಎಲ್, ಭಾರತದ ಐಎಸ್ 5 ಇವುಗಳಲ್ಲಿ ಮುಖ್ಯವಾದವು. ಮಾದರಿ ಬಣ್ಣದ ಡಬ್ಬಿಗಳ ಮೇಲೆ ಈ ಸಂಖ್ಯೆಗಳು ಹೆಚ್ಚಾಗಿ ಇರುತ್ತವೆ.

ಮೈ ಸಿದ್ಧಗೊಳಿಸುವುದು

ಕಿಟ್‌ನ ಭಾಗಗಳ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಇರುತ್ತದೆ. ಕೈಯ ಬೆವರೂ ಸೇರುತ್ತದೆ. ಜೋಡಿಸುವ ಮುನ್ನವೂ ಬಣ್ಣಕ್ಕೆ ಮುನ್ನವೂ ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಎರಡು ಅರ್ಧಗಳು ಕೂಡುವ ಸಂದಿನಲ್ಲಿ ಪುಟ್ಟಿ ತುಂಬಿ, ಒಣಗಿದ ಮೇಲೆ 400ರಿಂದ ಆರಂಭಿಸಿ 600, 800, 1000 ಎಂದು ನಯವಾದ ಉಜ್ಜುಕಾಗದಗಳಿಗೆ ಏರುತ್ತ ನೀರು ಮುಟ್ಟಿಸಿ ಉಜ್ಜುತ್ತಾರೆ. ಉಜ್ಜುವಾಗ ಅಳಿಸಿಹೋದ ತಗಡಿನ ಗೆರೆಗಳನ್ನು ಮೊನೆಯ ಸಾಧನದಿಂದ ಮತ್ತೆ ಕೊರೆಯುತ್ತಾರೆ.

ಪೈಲಟ್ ಕೂರುವ ಕೋಣೆ ಮೊದಲು ಮುಗಿಯಬೇಕು, ಏಕೆಂದರೆ ಒಡಲು ಮುಚ್ಚಿದ ಮೇಲೆ ಅಲ್ಲಿಗೆ ಕುಂಚ ಹೋಗದು. ಪಾರದರ್ಶಕ ಗಾಜಿನ ಚೌಕಟ್ಟುಗಳಿಗೆ ಮೊದಲು ಒಳಗಿನ ಬಣ್ಣವನ್ನೂ ಅದರ ಮೇಲೆ ಹೊರಗಿನ ಬಣ್ಣವನ್ನೂ ಹಾಕುತ್ತಾರೆ. ಆಗ ಗಾಜಿನ ಮೂಲಕ ನೋಡಿದಾಗ ಒಳಬದಿ ಸರಿಯಾದ ಬಣ್ಣದಲ್ಲೇ ಕಾಣುತ್ತದೆ.

ಪ್ರೈಮರ್‌ಗೆ ಎರಡು ಕೆಲಸ. ಒಂದು, ಪ್ಲಾಸ್ಟಿಕ್ ಮತ್ತು ಬಣ್ಣದ ನಡುವೆ ಹಿಡಿತ ಕೊಡುವುದು. ಇನ್ನೊಂದು, ಕಣ್ಣಿಗೆ ಬೀಳದ ದೋಷವನ್ನು ತೋರಿಸುವುದು. ಬೂದು ಪ್ರೈಮರ್ ಹಾಕಿದ ಕೂಡಲೇ ಉಜ್ಜಿದ ಗೀರು, ಮುಚ್ಚದ ಸಂದು, ಅಂಟಿನ ಬೆರಳಚ್ಚು ಎಲ್ಲ ಎದ್ದು ಕಾಣುತ್ತವೆ. ಅವನ್ನು ತಿದ್ದಿ ಮತ್ತೆ ಪ್ರೈಮರ್ ಹಾಕುತ್ತಾರೆ. ಮೇಲಿನ ಬಣ್ಣಕ್ಕೆ ತಕ್ಕಂತೆ ಪ್ರೈಮರಿನ ಬಣ್ಣವೂ ಬದಲಾಗುತ್ತದೆ. ಕೆಂಪು, ಹಳದಿ, ಕೇಸರಿ ಬಣ್ಣಗಳಿಗೆ ಕೆಳಗಿನದನ್ನು ಮುಚ್ಚುವ ಶಕ್ತಿ ಕಡಿಮೆ, ಅವುಗಳ ಅಡಿಯಲ್ಲಿ ಬಿಳಿ ಬೇಕು. ಲೋಹದ ಹೊಳಪಿಗೆ ನಯವಾದ ಹೊಳೆಯುವ ಕಪ್ಪು ಬೇಕು. ಗೋಕಾಕದ ಹಣ್ಣಿನ ಹಳದಿ ಹೊಳೆಯುವುದು ಅಡಿಯ ಬಿಳಿಯಿಂದ. ವಾಯುಪಡೆಯ ಸೂರ್ಯಕಿರಣ್ ಪ್ರದರ್ಶನ ತಂಡದ ವಿಮಾನಗಳ ಕೆಂಪಿಗೂ ಅದೇ ಆಧಾರ.

ಬಣ್ಣಗಳ ಬಗೆಗಳು

ಎನಾಮಲ್ ಎಣ್ಣೆ ಮೂಲದ ಬಣ್ಣ. ನಿಧಾನವಾಗಿ ಒಣಗುತ್ತದೆ, ಕುಂಚದ ಗುರುತುಗಳು ತಾವಾಗಿಯೇ ಸಮವಾಗುತ್ತವೆ, ಪದರ ಗಟ್ಟಿ. ಟರ್ಪೆಂಟೈನ್ ಅಥವಾ ವೈಟ್ ಸ್ಪಿರಿಟ್‌ನಿಂದ ತೆಳುವಾಗುತ್ತದೆ. ಹಂಬ್ರಾಲ್ ಸಂಸ್ಥೆಯ ಪುಟ್ಟ ಡಬ್ಬಿಗಳು ದಶಕಗಳ ಕಾಲ ಈ ಹವ್ಯಾಸದ ಗುರುತಾಗಿದ್ದವು. ಅಕ್ರಿಲಿಕ್ ನೀರು ಅಥವಾ ಮದ್ಯಸಾರದಲ್ಲಿ ಕರಗುವ ಬಣ್ಣ. ಬೇಗ ಒಣಗುತ್ತದೆ, ವಾಸನೆ ಕಡಿಮೆ, ಮನೆಯಲ್ಲಿ ಬಳಸಲು ತಕ್ಕದ್ದು. ಲ್ಯಾಕರ್ ತೀಕ್ಷ್ಣ ದ್ರಾವಕದ ಬಣ್ಣ. ಪ್ಲಾಸ್ಟಿಕ್ಕನ್ನು ಕೊಂಚ ಕರಗಿಸಿ ಕಚ್ಚಿ ಹಿಡಿಯುತ್ತದೆ, ಪದರ ಅತಿ ತೆಳು, ನಿಮಿಷಗಳಲ್ಲಿ ಒಣಗುತ್ತದೆ, ಆದರೆ ಹೊಗೆ ವಿಷಕಾರಿ.

ಇವುಗಳ ಅನುಕ್ರಮವೂ ಮುಖ್ಯ. ಮೇಲಿನ ಪದರದ ದ್ರಾವಕ ಕೆಳಗಿನ ಪದರವನ್ನು ಕರಗಿಸಬಾರದು. ಎನಾಮಲ್ ಮೇಲೆ ಲ್ಯಾಕರ್ ಹಾಕಿದರೆ ಕೆಳಗಿನದು ಸುಕ್ಕುಗಟ್ಟುತ್ತದೆ. ಲ್ಯಾಕರ್ ಅಥವಾ ಅಕ್ರಿಲಿಕ್ ಕೆಳಗೆ, ಎನಾಮಲ್ ಮತ್ತು ಎಣ್ಣೆಬಣ್ಣ ಮೇಲೆ ಎಂಬ ಕ್ರಮ ಸುರಕ್ಷಿತ.

ಕುಂಚ ಮತ್ತು ಏರ್‌ಬ್ರಶ್

ಕುಂಚದಿಂದಲೂ ಉತ್ತಮ ಕೆಲಸ ಸಾಧ್ಯ. ಅಗಲವಾದ ಮೆತ್ತನೆ ಕುಂಚ, ತೆಳು ಬಣ್ಣ, ಒಂದೇ ದಿಕ್ಕಿನ ಎಳೆತ ಬೇಕು. ಒಂದು ಪದರ ಪೂರ್ತಿ ಒಣಗಿದ ಮೇಲೆ ಅಡ್ಡ ದಿಕ್ಕಿನಲ್ಲಿ ಇನ್ನೊಂದನ್ನು ಹಾಕಬೇಕು. ಅರೆಒಣಗಿದ ಬಣ್ಣವನ್ನು ಮತ್ತೆ ಮುಟ್ಟಿದರೆ ಪದರ ಕಿತ್ತುಬರುತ್ತದೆ.

ಏರ್‌ಬ್ರಶ್ ಸಂಕುಚಿತ ಗಾಳಿಯಿಂದ ಬಣ್ಣವನ್ನು ಸೂಕ್ಷ್ಮ ಹನಿಗಳಾಗಿ ಚಿಮ್ಮಿಸುತ್ತದೆ. ಮಾದರಿಗಳಿಗೆ 0.2ರಿಂದ 0.5 ಮಿಲಿಮೀಟರ್ ಬಾಯಿಯ ಸಾಧನ ಸಾಕು. ಗುಂಡಿಯನ್ನು ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ ಬರುವ ದ್ವಿಕ್ರಿಯೆಯ ಬಗೆಯನ್ನು ಹೆಚ್ಚಿನವರು ಬಳಸುತ್ತಾರೆ. ಬಣ್ಣ ಹಾಲಿನ ಹದದಲ್ಲಿರಬೇಕು. ಸಾಮಾನ್ಯ ಕೆಲಸಕ್ಕೆ ಗಾಳಿಯ ಒತ್ತಡ ಒಂದರಿಂದ ಒಂದೂವರೆ ಬಾರ್ ಇದ್ದರೆ ಸರಿ. ಹತ್ತಿರದಿಂದ ಹಿಡಿದರೆ ಬಣ್ಣ ಹರಿದು ಜೇಡನ ಕಾಲಿನಂಥ ಗೆರೆಗಳು ಬೀಳುತ್ತವೆ, ದೂರದಿಂದ ಹಿಡಿದರೆ ಬಣ್ಣ ಗಾಳಿಯಲ್ಲೇ ಒಣಗಿ ಮೈ ಒರಟಾಗುತ್ತದೆ. ಕೈ ಚಲಿಸಲು ಆರಂಭಿಸಿದ ಮೇಲೆ ಬಣ್ಣ ಬಿಡಬೇಕು, ಕೈ ನಿಲ್ಲುವ ಮುನ್ನ ಬಣ್ಣ ನಿಲ್ಲಿಸಬೇಕು.

ಘಟಪ್ರಭಾ ಕಣಿವೆಯ ಹವೆ ಈ ಕೆಲಸವನ್ನು ನೇರವಾಗಿ ನಿಯಂತ್ರಿಸುತ್ತದೆ. ಮಳೆಗಾಲದ ತೇವದಲ್ಲಿ ಲ್ಯಾಕರ್ ಹಾಕಿದರೆ ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಪದರ ಬೆಳ್ಳಗೆ ಮಬ್ಬಾಗುತ್ತದೆ. ಏರ್‌ಬ್ರಶ್ಶಿನ ಗಾಳಿಕೊಳವೆಯಲ್ಲೂ ನೀರು ಸೇರಿಕೊಂಡು ಮಾದರಿಯ ಮೇಲೆ ಹನಿ ಸಿಡಿಯುತ್ತದೆ. ಆದ್ದರಿಂದ ಕೊಳವೆಗೆ ತೇವ ಹಿಡಿಯುವ ಶೋಧಕ ಕಡ್ಡಾಯ. ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿನಲ್ಲಿ ಅಕ್ರಿಲಿಕ್ ಬಣ್ಣ ಸೂಜಿಯ ತುದಿಯಲ್ಲೇ ಗಟ್ಟಿಯಾಗುತ್ತದೆ. ಆಗ ಒಣಗುವಿಕೆ ತಡೆಯುವ ದ್ರವವನ್ನು ಕೆಲವು ಹನಿ ಬೆರೆಸಿ, ಬೆಳಗಿನ ತಂಪಿನಲ್ಲಿ ಕೆಲಸ ಮಾಡುವುದು ಲೇಸು. ಕಪ್ಪು ನೆಲದ ಸೀಮೆಯಲ್ಲಿ ಬೇಸಿಗೆಯ ಧೂಳೂ ಹೆಚ್ಚು. ಬಣ್ಣ ಹಾಕಿದ ಮಾದರಿಯನ್ನು ಕೂಡಲೇ ಮುಚ್ಚಳದ ಡಬ್ಬಿಯೊಳಗೆ ಇಡಬೇಕು.

ಮರೆಮಾಚುವ ಬಣ್ಣಗಳು ಮತ್ತು ಲೋಹದ ಮೈ

ಯುದ್ಧವಿಮಾನದ ಮೇಲ್ಭಾಗ ನೆಲದೊಂದಿಗೆ, ಕೆಳಭಾಗ ಆಕಾಶದೊಂದಿಗೆ ಬೆರೆಯುವಂತೆ ಬಣ್ಣ ಹಾಕುವುದು ಹಳೆಯ ರೂಢಿ. ಮಾದರಿಯಲ್ಲಿ ತಿಳಿ ಬಣ್ಣದಿಂದ ಗಾಢ ಬಣ್ಣದ ಕಡೆಗೆ ಸಾಗುತ್ತಾರೆ. ಎರಡು ಬಣ್ಣಗಳ ಗಡಿ ಕತ್ತರಿಸಿದಂತೆ ಇರಬೇಕಾದರೆ ಮಾಸ್ಕಿಂಗ್ ಟೇಪಿನ ಅಂಚನ್ನು ಒತ್ತಿ ಕೂರಿಸುತ್ತಾರೆ. ಅದರ ಅಂಚಿಗೆ ಮೊದಲು ಕೆಳಗಿನ ಬಣ್ಣವನ್ನೇ ಇನ್ನೊಮ್ಮೆ ತೆಳುವಾಗಿ ಸಿಂಪಡಿಸಿದರೆ ಮುಂದಿನ ಬಣ್ಣ ಒಳಗೆ ನುಸುಳುವುದಿಲ್ಲ. ಗಡಿ ಮೃದುವಾಗಿರಬೇಕಾದರೆ ಮೇಣದಂಥ ಪುಟ್ಟಿಯ ಸುರುಳಿಯನ್ನು ಗಡಿಯುದ್ದಕ್ಕೂ ಇಟ್ಟು ಮೇಲಿನಿಂದ ಸಿಂಪಡಿಸುತ್ತಾರೆ. ಕೊನೆಗೆ ಟೇಪನ್ನು ತೆಗೆಯುವಾಗ ಅದರ ಮೇಲೆಯೇ ಮಡಚಿದ ಹಾಗೆ ಓರೆಯಾಗಿ, ನಿಧಾನವಾಗಿ ಎಳೆಯಬೇಕು.

ಭಾರತೀಯ ವಾಯುಪಡೆಯ ಮಿಗ್-21ಗಳು ಮೊದಲು ಬೆಳ್ಳಿ ಮೈಯಲ್ಲೇ ಹಾರುತ್ತಿದ್ದವು. 1971ರ ಯುದ್ಧದ ಹೊತ್ತಿಗೆ ಅವುಗಳಿಗೆ ನೆಲೆಗಳಲ್ಲೇ ಅವಸರದಿಂದ ಮರೆಮಾಚುವ ಬಣ್ಣ ಬಳಿದರು. ಸ್ಕ್ವಾಡ್ರನ್ನಿನಿಂದ ಸ್ಕ್ವಾಡ್ರನ್ನಿಗೆ, ಕೆಲವೊಮ್ಮೆ ವಿಮಾನದಿಂದ ವಿಮಾನಕ್ಕೆ ವಿನ್ಯಾಸ ಬೇರೆಯಾಯಿತು. ಅಂಥ ಮಾದರಿಗೆ ಬಣ್ಣದ ಪಟ್ಟಿ ಉತ್ತರ ಕೊಡದು, ಆ ವಿಮಾನದ ಛಾಯಾಚಿತ್ರವೇ ಬೇಕು. ಕುಂಚದಿಂದ ಬಳಿದ ಒರಟು ಅಂಚುಗಳು ಇಲ್ಲಿ ದೋಷವಲ್ಲ, ನಿಜದ ಭಾಗ.

ಲೋಹದ ಮೈಯ ಮಾದರಿ ಹೆಚ್ಚು ಕಷ್ಟದ್ದು, ಏಕೆಂದರೆ ಹೊಳಪು ಎಲ್ಲ ಗೀರುಗಳನ್ನೂ ತೋರಿಸುತ್ತದೆ. ಹೊಳೆಯುವ ಕಪ್ಪಿನ ಮೇಲೆ ಅಲ್ಯೂಮಿನಿಯಂ ಬಣ್ಣವನ್ನು ತೆಳುವಾಗಿ ಸಿಂಪಡಿಸಿ, ಕೆಲವು ತಗಡುಗಳನ್ನು ಮರೆಮಾಡಿ ಉಳಿದವಕ್ಕೆ ಕೊಂಚ ಗಾಢ ಛಾಯೆ ಕೊಡುತ್ತಾರೆ. ಜೆಟ್ ಎಂಜಿನ್ನಿನ ಹಿಂಬಾಯಿಯ ಉಕ್ಕು ಬಿಸಿಗೆ ಕಂದು, ನೇರಳೆ, ನೀಲಿ ಬಣ್ಣಗಳಿಗೆ ತಿರುಗುತ್ತದೆ. ಪಾರದರ್ಶಕ ಬಣ್ಣಗಳ ಅತಿ ತೆಳು ಪದರಗಳಿಂದ ಅದನ್ನು ಮೂಡಿಸುತ್ತಾರೆ.

ಗುರುತುಗಳು ಮತ್ತು ಡೆಕಾಲ್

ದೇಶದ ಗುರುತು, ಸರಣಿ ಸಂಖ್ಯೆ, ಸ್ಕ್ವಾಡ್ರನ್ ಲಾಂಛನ, ಎಚ್ಚರಿಕೆಯ ಸಣ್ಣ ಬರಹಗಳು ಡೆಕಾಲ್ ರೂಪದಲ್ಲಿ ಬರುತ್ತವೆ. ನೀರಿನಲ್ಲಿ ನೆನೆಸಿದಾಗ ಕಾಗದದಿಂದ ಜಾರುವ ಈ ತೆಳು ಪೊರೆಯನ್ನು ಮಾದರಿಯ ಮೇಲೆ ಜಾರಿಸಿ ಕೂರಿಸುತ್ತಾರೆ. ಮಬ್ಬು ಬಣ್ಣದ ಮೈ ಸೂಕ್ಷ್ಮವಾಗಿ ಒರಟಾಗಿರುತ್ತದೆ. ಪೊರೆಯಡಿ ಗಾಳಿ ಸಿಕ್ಕಿಕೊಂಡರೆ ಒಣಗಿದ ಮೇಲೆ ಬೆಳ್ಳಿ ಹೊಳಪು ಕಾಣುತ್ತದೆ. ಅದಕ್ಕಾಗಿ ಡೆಕಾಲಿಗೆ ಮುನ್ನ ಹೊಳಪಿನ ಪಾರದರ್ಶಕ ಲೇಪ ಕೊಡುತ್ತಾರೆ. ಪೊರೆಯನ್ನು ಮೆತ್ತಗಾಗಿಸುವ ದ್ರವ ಹಚ್ಚಿದರೆ ಅದು ರಿವೆಟ್, ಗೆರೆಗಳ ಒಳಗಿಳಿದು ಬಳಿದ ಬಣ್ಣದ ಹಾಗೆಯೇ ಕೂರುತ್ತದೆ. ಪೊರೆ ಸುಕ್ಕಾದಾಗ ಮುಟ್ಟಬಾರದು, ಒಣಗಿದಂತೆ ತಾನೇ ನೇರವಾಗುತ್ತದೆ.

ಭಾರತೀಯ ವಿಮಾನಗಳ ಗುರುತುಗಳು ಕಾಲವನ್ನು ಹೇಳುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿ ಜಪಾನಿನ ಕೆಂಪು ಸೂರ್ಯನೊಂದಿಗೆ ಗೊಂದಲವಾಗದಿರಲೆಂದು ದೇಶದ ಗುರುತಾದ ವರ್ತುಲದಿಂದ ಕೆಂಪನ್ನು ತೆಗೆದು ನೀಲಿ ಛಾಯೆಗಳನ್ನು ಉಳಿಸಿದರು. ಸ್ವಾತಂತ್ರ್ಯದ ನಂತರ ಕೆಲಕಾಲ ಅಶೋಕ ಚಕ್ರದ ಗುರುತಿತ್ತು. 1950ರಿಂದ ಕೇಸರಿ, ಬಿಳಿ, ಹಸಿರಿನ ವರ್ತುಲ ಬಂತು. ಆದ್ದರಿಂದ 1948ರ ಮಾದರಿಗೆ ಇಂದಿನ ವರ್ತುಲ ಅಂಟಿಸಿದರೆ ಉಳಿದ ಕೆಲಸ ಎಷ್ಟೇ ಅಚ್ಚುಕಟ್ಟಾದರೂ ದಾಖಲೆ ತಪ್ಪಾಗುತ್ತದೆ.

ವಾಶ್, ಸವೆತ ಮತ್ತು ಕೊನೆಯ ಲೇಪ

ತಗಡಿನ ಗೆರೆಗಳಲ್ಲಿ ತೆಳು ಗಾಢ ಬಣ್ಣ ಹರಿಯಬಿಟ್ಟು ಮೇಲಿನದನ್ನು ಒರೆಸುವುದಕ್ಕೆ ವಾಶ್ ಎನ್ನುತ್ತಾರೆ. ಅಕ್ರಿಲಿಕ್ ಹೊಳಪಿನ ಲೇಪದ ಮೇಲೆ ಎಣ್ಣೆಬಣ್ಣದ ವಾಶ್ ಹಾಕಿದರೆ ದ್ರಾವಕ ಕೆಳಗಿನ ಬಣ್ಣವನ್ನು ಕೆಡಿಸದು. ತಿಳಿ ಬೂದು ವಿಮಾನಕ್ಕೆ ಕಪ್ಪು ವಾಶ್ ಬೇಡ, ಅದೇ ಬಣ್ಣದ ಎರಡು ಛಾಯೆ ಗಾಢವಾದದ್ದು ಸಾಕು.

ಬಿಸಿಲಿಗೆ ಮಾಸಿದ ಬಣ್ಣ, ಹೊಗೆಯ ಕಲೆ, ಎಣ್ಣೆಯ ಸೋರಿಕೆ, ಮೆಕ್ಯಾನಿಕ್ ಕಾಲಿಡುವ ಜಾಗದ ಸವೆತ ಇವೆಲ್ಲ ವಿಮಾನದ ಕೆಲಸದ ಚರಿತ್ರೆ. ಸ್ಪಂಜಿನ ತುಣುಕಿನಿಂದ ಬೆಳ್ಳಿ ಚುಕ್ಕೆ ಒತ್ತಿ ಕಿತ್ತ ಬಣ್ಣವನ್ನು ತೋರಿಸುತ್ತಾರೆ. ಒಣ ಬಣ್ಣದ ಪುಡಿಯಿಂದ ಧೂಳು ಮೂಡಿಸುತ್ತಾರೆ. ಇಲ್ಲಿ ಸಂಯಮವೇ ಕೌಶಲ. ವಿಮಾನಗಳನ್ನು ನಿಯಮಿತವಾಗಿ ತೊಳೆದು ನೋಡಿಕೊಳ್ಳುತ್ತಾರೆ. ಎಲ್ಲೆಡೆ ತುಕ್ಕು, ಕೊಳೆ ಬಳಿದ ಮಾದರಿ ಆ ವಿಮಾನವನ್ನು ನೋಡಿಕೊಂಡ ತಂತ್ರಜ್ಞರ ಶ್ರಮವನ್ನು ಸುಳ್ಳುಮಾಡುತ್ತದೆ.

ಕೊನೆಯ ವಾರ್ನಿಷ್ ಎಲ್ಲ ಪದರಗಳನ್ನೂ ಒಂದುಗೂಡಿಸುತ್ತದೆ. ಯುದ್ಧವಿಮಾನಕ್ಕೆ ಮಬ್ಬು ಅಥವಾ ಅರೆಹೊಳಪು, ಪ್ರದರ್ಶನ ತಂಡದ ವಿಮಾನಕ್ಕೆ ಪೂರ್ಣ ಹೊಳಪು. ಬಣ್ಣ ತಾಗದಂತೆ ಗಾಜಿಗೆ ಅಂಟಿಸಿದ್ದ ಟೇಪನ್ನು ಇದರ ನಂತರವೇ ತೆಗೆಯುತ್ತಾರೆ.

ಕರ್ನಾಟಕದ ವಿಮಾನಗಳು ಮಾದರಿಯಲ್ಲಿ

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಮುಂದೆ ಎಚ್‌ಎಎಲ್ ಆಯಿತು. ಅಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಜರ್ಮನ್ ವಿನ್ಯಾಸಕ ಕುರ್ಟ್ ಟಾಂಕ್ ನೇತೃತ್ವದಲ್ಲಿ ರೂಪುಗೊಂಡ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಕೈಯಲ್ಲಿ ಮೊದಲು ಹಾರಿತು. ಒಟ್ಟು 147 ಮಾರುತ್‌ಗಳು ತಯಾರಾದವು. 1971ರಲ್ಲಿ ರಾಜಸ್ಥಾನದ ಉತ್ತರಲಾಯಿ, ಜೋಧಪುರ ನೆಲೆಗಳಿಂದ ಹೋರಾಡಿದ ಈ ವಿಮಾನದ ಚಕ್ರಗಳ ಮೇಲೆ ಮರುಭೂಮಿಯ ತಿಳಿ ಮರಳಿನ ಧೂಳಿರಬೇಕು. ಮೂಗಿನ ಬಳಿಯ ನಾಲ್ಕು 30 ಮಿಲಿಮೀಟರ್ ಏಡನ್ ಫಿರಂಗಿಗಳ ಬಾಯಿಯ ಹಿಂದೆ ಮಸಿಯ ಕಲೆ ಹೊಂದುತ್ತದೆ.

ಫೋಲಂಡ್ ನ್ಯಾಟ್‌ನಿಂದ ಎಚ್‌ಎಎಲ್ ಬೆಳೆಸಿದ ಅಜೀತ್ 1975ರಲ್ಲಿ ಹಾರಿತು. ಇಂಧನವನ್ನು ರೆಕ್ಕೆಯೊಳಗೆ ಸೇರಿಸಿದ್ದರಿಂದ ರೆಕ್ಕೆಯಡಿ ಆಯುಧ ತೂಗುಹಾಕಲು ನಾಲ್ಕು ಜಾಗಗಳು ದೊರೆತವು. ನ್ಯಾಟ್ ಕಿಟ್‌ಗೆ ಅಜೀತ್‌ನ ಬಣ್ಣ ಹಾಕುವವರು ಮೊದಲು ಈ ಬದಲಾವಣೆ ಮಾಡಿಕೊಳ್ಳಬೇಕು.

ಬೀದರಿನ ವಾಯುನೆಲೆಯಲ್ಲಿ 1996ರಲ್ಲಿ ರೂಪುಗೊಂಡ ಸೂರ್ಯಕಿರಣ್ ತಂಡ ಎಚ್‌ಎಎಲ್‌ನ ಕಿರಣ್ ಮಾರ್ಕ್ 2 ವಿಮಾನಗಳನ್ನು 2011ರವರೆಗೆ ಹಾರಿಸಿತು, ನಂತರ ಹಾಕ್ ವಿಮಾನಗಳಿಗೆ ಬದಲಾಯಿತು. ಕೆಂಪು ಮತ್ತು ಬಿಳಿಯ ಈ ವಿನ್ಯಾಸದಲ್ಲಿ ಮೊದಲು ಬಿಳಿ, ಆಮೇಲೆ ಮರೆಮಾಡಿ ಕೆಂಪು ಹಾಕುವುದೇ ಸರಿಯಾದ ದಾರಿ. ಧ್ರುವ್ ಹೆಲಿಕಾಪ್ಟರುಗಳ ಸಾರಂಗ್ ತಂಡದ ಮೈಮೇಲಿನ ನವಿಲನ್ನು ಕೈಯಿಂದ ಬಿಡಿಸುವವರಿಗೆ ಚಿತ್ರಗಾರರ ಕುಂಚದ ಹಿಡಿತ ಬೇಕು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿ, 2016ರಲ್ಲಿ ವಾಯುಪಡೆಗೆ ಸೇರಿದ ತೇಜಸ್ ಬಣ್ಣಗಾರರಿಗೆ ಬೇರೆಯೇ ಪಾಠ ಹೇಳುತ್ತದೆ. ಅದರ ಹೊರಮೈಯ ಬಹುಪಾಲು ಕಾರ್ಬನ್ ಸಂಯುಕ್ತ. ಬಣ್ಣ ಕಿತ್ತರೂ ಅಲ್ಲಿ ಬೆಳ್ಳಿ ಲೋಹ ಕಾಣದು. ಹಳೆಯ ರೂಢಿಯಂತೆ ತೇಜಸ್ ಮೇಲೆ ಬೆಳ್ಳಿ ಚುಕ್ಕೆಗಳನ್ನು ಒತ್ತುವುದು ತಪ್ಪು. ಸವೆತ ತೋರಿಸಬೇಕಾದಲ್ಲಿ ಬೂದಿನ ಛಾಯೆಗಳ ವ್ಯತ್ಯಾಸವೊಂದೇ ಸಾಧನ.

ಈ ವಿಮಾನಗಳನ್ನು ಹತ್ತಿರದಿಂದ ನೋಡಲು ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂ ಇದೆ. 1996ರಿಂದ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾ ಪ್ರದರ್ಶನ ಹಾರುವ ವಿಮಾನಗಳ ಈಗಿನ ಬಣ್ಣಕ್ಕೆ ಒಳ್ಳೆಯ ಆಕರ. ಮ್ಯೂಸಿಯಮ್ಮಿನಲ್ಲಿರುವ ವಿಮಾನಗಳಿಗೆ ಪ್ರದರ್ಶನಕ್ಕಾಗಿ ಮರುಬಣ್ಣ ಹಾಕಿರುವುದುಂಟು. ಆಕಾರ, ಗೆರೆಗಳಿಗೆ ಅವು ನಂಬಲರ್ಹ, ಬಣ್ಣಕ್ಕೆ ಸೇವೆಯಲ್ಲಿದ್ದ ಕಾಲದ ಛಾಯಾಚಿತ್ರವನ್ನು ಹೋಲಿಸಬೇಕು.

ಸುರಕ್ಷತೆ ಮತ್ತು ಸಂರಕ್ಷಣೆ

ದ್ರಾವಕಗಳ ಹೊಗೆ ಶ್ವಾಸಕೋಶಕ್ಕೂ ನರಗಳಿಗೂ ಹಾನಿಕರ. ಕಿಟಕಿ ತೆರೆದ ಕೋಣೆ, ಹೊಗೆ ಹೊರಗೆಳೆಯುವ ಫ್ಯಾನ್, ರಾಸಾಯನಿಕ ಆವಿ ತಡೆಯುವ ಮುಖಕವಚ ಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯದು. ಲ್ಯಾಕರ್ ಬೇಗ ಹೊತ್ತಿಕೊಳ್ಳುತ್ತದೆ, ಒಲೆ, ದೀಪಗಳ ಬಳಿ ಬಳಸಬಾರದು. ಮಕ್ಕಳು ನೀರಿನ ಅಕ್ರಿಲಿಕ್ ಬಣ್ಣಗಳಿಂದಲೇ ಆರಂಭಿಸಬೇಕು. ಬಳಸಿದ ಥಿನ್ನರನ್ನು ಗಟಾರಕ್ಕೆ, ಹಳ್ಳಕ್ಕೆ ಚೆಲ್ಲಬಾರದು.

ಮುಗಿದ ಮಾದರಿಗೆ ದೊಡ್ಡ ಶತ್ರುಗಳು ನೇರ ಬಿಸಿಲು ಮತ್ತು ಧೂಳು. ಬಿಸಿಲಿಗೆ ಡೆಕಾಲಿನ ಪೊರೆ ಹಳದಿಯಾಗುತ್ತದೆ, ಕೆಂಪು ಮಾಸುತ್ತದೆ, ತೆಳು ಪ್ಲಾಸ್ಟಿಕ್ ಬಾಗುತ್ತದೆ. ಗಾಜಿನ ಪೆಟ್ಟಿಗೆ ಉತ್ತಮ ರಕ್ಷಣೆ. ಮಾದರಿಯ ಜೊತೆಯಲ್ಲಿ ವಿಮಾನದ ಸರಣಿ ಸಂಖ್ಯೆ, ಸ್ಕ್ವಾಡ್ರನ್, ವರ್ಷ, ಬಳಸಿದ ಬಣ್ಣಗಳ ಹೆಸರುಗಳನ್ನು ಬರೆದಿಡುವ ರೂಢಿ ಎಲ್ಲೆಡೆ ಬೆಳೆಯಬೇಕು. ಮಾರುತ್ ಸೇವೆಯಿಂದ ನಿವೃತ್ತವಾಗಿ ದಶಕಗಳಾಗಿವೆ. ಅದರ ಮೈಗೆ ಬಣ್ಣ ಬಳಿದವರ, ಅದನ್ನು ಕಣ್ಣಾರೆ ಕಂಡವರ ನೆನಪುಗಳನ್ನು ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕು. ಬೆಳಗಾವಿ ಜಿಲ್ಲೆಯ ಶಾಲಾ ಕಾಲೇಜುಗಳಲ್ಲಿ ವಾಯುಪಡೆಯ ನಿವೃತ್ತರು, ಹತ್ತರಗಿಯ ತಂತ್ರಜ್ಞರು, ಗೋಕಾಕದ ಬಣ್ಣಗಾರರು ಒಂದೇ ಕಾರ್ಯಾಗಾರದಲ್ಲಿ ಕಲಿಸಬಲ್ಲರು. ಈ ಕಲೆಗೆ ಬೇಕಾದ ನೆನಪು, ತಂತ್ರ, ಕೈಹದ ಮೂರೂ ಇಲ್ಲಿವೆ.